ಸಮನ್ಸು ಹೋದಾಗಲೆಲ್ಲ ಸ್ವಾಮಿಗಳು ಅನುಷ್ಠಾನದಲ್ಲಿ!

ಪ್ರಶ್ನೆ: ಗೋಕಾಕದಲ್ಲಿ ನನ್ನದು ಸಿಮೆಂಟು, ಕಬ್ಬಿಣದ ಅಂಗಡಿ. ನಮ್ಮ ಭಾಗದ ಮಠವೊಂದರ ಕಲ್ಯಾಣ ಮಂಟಪಕ್ಕೆ ಉದ್ರಿ ಕೊಟ್ಟ ಮಾಲಿನ ಬಾಕಿ 11 ಲಕ್ಷ ರೂಪಾಯಿಗಾಗಿ ಪೀಠಾಧಿಪತಿಗಳ ಮೇಲೆ ದಾವೆ ಹೂಡಿದ್ದೇನೆ. ಸಮನ್ಸು ಮೂರು ಸಲ ಮರಳಿ ಬಂದಿದೆ. ‘ಮೌನಾನುಷ್ಠಾನದಲ್ಲಿದ್ದಾರೆ’, ‘ಪರಸ್ಥಳಕ್ಕೆ ಹೋಗಿದ್ದಾರೆ’, ‘ಸೇವಕರು ಒಳಗೆ ಬಿಡಲಿಲ್ಲ’ ಎಂದು ಬೇಲೀಫರು (ಸಮನ್ಸು ತಲುಪಿಸುವ ಕೋರ್ಟಿನ ಸಿಬ್ಬಂದಿ) ಶರಾ ಬರೆದಿದ್ದಾರೆ. ಮೌನದಲ್ಲಿದ್ದಾರೆಂದು ಹೇಳಿದ ದಿನವೇ ಅವರು ಪಕ್ಕದ ತಾಲ್ಲೂಕಿನ ಸಾಮೂಹಿಕ ವಿವಾಹದಲ್ಲಿ ಆಶೀರ್ವಚನ ನೀಡಿದ ಫೋಟೊ ಪತ್ರಿಕೆಯಲ್ಲಿ ಬಂದಿತ್ತು. ಅಜ್ಜಾರಿಗೆ, ಅಂದರೆ ಸ್ವಾಮಿಗಳಿಗೆ, ಕೋರ್ಟಿನಿಂದ ವಿನಾಯಿತಿ ಇದೆ ಎಂದು ಮಠದವರು ಹೇಳುತ್ತಾರೆ. ಇದು ನಿಜವೇ? ಸಮನ್ಸನ್ನು ಮಠದ ಬಾಗಿಲಿಗೆ ಅಂಟಿಸಿದರೆ ಸಾಲದೇ?
– ಹೆಸರು ಬೇಡ, ಗೋಕಾಕ

ಉತ್ತರ: ವಿನಾಯಿತಿಯ ಮಾತು ನಿಜವಲ್ಲ. ಯಾರು ನ್ಯಾಯಾಲಯಕ್ಕೆ ಖುದ್ದಾಗಿ ಬರಬೇಕಾಗಿಲ್ಲ ಎಂಬುದನ್ನು 1908ರ ದಿವಾಣಿ (ಸಿವಿಲ್) ಪ್ರಕ್ರಿಯಾ ಸಂಹಿತೆಯ 133ನೆಯ ಕಲಂ ಪಟ್ಟಿ ಮಾಡಿದೆ. ಅದರಲ್ಲಿ ರಾಷ್ಟ್ರಪತಿ, ರಾಜ್ಯಪಾಲರು, ಮಂತ್ರಿಗಳು, ಉನ್ನತ ನ್ಯಾಯಾಲಯಗಳ ನ್ಯಾಯಮೂರ್ತಿಗಳು, ಹಳೆಯ ಸಂಸ್ಥಾನಗಳ ಅರಸರು ಇದ್ದಾರೆಯೇ ಹೊರತು ಮಠಾಧೀಶರಿಲ್ಲ. ಅಷ್ಟಕ್ಕೂ ಈ ಹಂತದಲ್ಲಿ ಸ್ವಾಮಿಗಳು ಕಟಕಟೆ ಹತ್ತಬೇಕೆಂದು ಯಾರೂ ಕೇಳುತ್ತಿಲ್ಲ. ವಕಾಲತ್ತಿಗೆ ಸಹಿ ಹಾಕಿ ವಕೀಲರನ್ನು ಕಳುಹಿಸಿದರೆ ಸಾಕು. ಸಮನ್ಸನ್ನು ವಾರಂಟಿನಂತೆ ಕಂಡು ಸುತ್ತಲಿನವರು ಹೆದರುವುದೇ ಅನೇಕ ಸಲ ಇಂಥ ತಪ್ಪಿಸಾಟಕ್ಕೆ ಕಾರಣವೆಂದು ನನಗೆ ಅನ್ನಿಸಿದೆ.

ಇನ್ನು ಜಾರಿಯ, ಅಂದರೆ ಸಮನ್ಸನ್ನು ಕ್ರಮಬದ್ಧವಾಗಿ ತಲುಪಿಸುವ ವಿಷಯ. ಗೃಹಸ್ಥರು ಮನೆಯಲ್ಲಿಲ್ಲದಿದ್ದರೆ ಮತ್ತು ಬೇಗ ಸಿಗುವ ಸಂಭವವೂ ಇಲ್ಲದಿದ್ದರೆ ಅವರೊಡನೆ ವಾಸವಿರುವ ವಯಸ್ಕ ಕುಟುಂಬಸ್ಥರ ಕೈಗೆ ಸಮನ್ಸು ಕೊಡಬಹುದು ಎಂದು ಸಂಹಿತೆಯ 5ನೆಯ ಆದೇಶದ 15ನೆಯ ನಿಯಮ ಹೇಳುತ್ತದೆ. ಆದರೆ ಸನ್ಯಾಸಿಗೆ ಕುಟುಂಬವೆಂಬುದು ಎಲ್ಲಿಂದ ಬರಬೇಕು? ಸೇವಕರು ಕುಟುಂಬಸ್ಥರಲ್ಲ ಎಂದು ಅದೇ ನಿಯಮದ ವಿವರಣೆಯಲ್ಲಿ ಸ್ಪಷ್ಟವಾಗಿ ಬರೆದಿರುವುದರಿಂದ, ದಾಸೋಹದ ಅಡುಗೆಯವರೋ ಕಾರಿನ ಚಾಲಕರೋ ಸಹಿ ಮಾಡಿ ತೆಗೆದುಕೊಂಡರೂ ಅದು ಸರಿಯಾದ ಜಾರಿ ಎನ್ನಿಸಿಕೊಳ್ಳುವುದಿಲ್ಲ. ಮರಿಸ್ವಾಮಿಗಳು ತೆಗೆದುಕೊಂಡರೂ ಮುಂದೆ ವಾದಕ್ಕೆ ಎಡೆಯಾಗುತ್ತದೆ. ಸಮನ್ಸು ಸ್ವೀಕರಿಸಲು ಸ್ವಾಮಿಗಳು ಅಧಿಕಾರ ಕೊಟ್ಟಿರುವ ವ್ಯವಸ್ಥಾಪಕರು ಇದ್ದರೆ ಮಾತ್ರ ಅವರ ಕೈಗೆ ಕೊಡುವುದು ಸಲ್ಲುತ್ತದೆ.

ಬಾಗಿಲಿಗೆ ಅಂಟಿಸುವುದಕ್ಕೆ 17ನೆಯ ನಿಯಮದಲ್ಲಿ ಅವಕಾಶವಿದೆ, ಆದರೆ ಒಮ್ಮೆ ಹೋಗಿ ಸಿಗಲಿಲ್ಲವೆಂದು ಅಂಟಿಸಿ ಬರುವಂತಿಲ್ಲ. ಬೇಲೀಫರು ತಕ್ಕಮಟ್ಟಿಗೆ ಶ್ರಮಪಟ್ಟು ಹುಡುಕಿರಬೇಕು, ಪ್ರತಿವಾದಿ ಬೇಗ ಸಿಗುವ ಸಂಭವವಿಲ್ಲ ಎಂಬುದು ತಿಳಿದುಬಂದಿರಬೇಕು, ಮನೆ ತೋರಿಸಿದವರು ಯಾರು, ಯಾರ ಸಮಕ್ಷಮ ಅಂಟಿಸಲಾಯಿತು ಎಂಬುದನ್ನು ಹೆಸರು, ವಿಳಾಸ ಸಹಿತ ಶರಾದಲ್ಲಿ ಬರೆದಿರಬೇಕು. ನಿಮ್ಮ ಮೂರು ಶರಾಗಳ ನಕಲು ಪಡೆದು ನೋಡಿ. ‘ಸೇವಕರು ಒಳಗೆ ಬಿಡಲಿಲ್ಲ’ ಎಂದಷ್ಟೇ ಇದ್ದು, ಎಷ್ಟು ಗಂಟೆಗೆ, ಯಾವ ಸೇವಕರು, ಏನೆಂದರು ಎಂಬುದು ಇಲ್ಲದಿದ್ದರೆ ಆ ಕಾಗದ ನಿಮ್ಮ ಕೆಲಸಕ್ಕೆ ಹೆಚ್ಚು ಬರುವುದಿಲ್ಲ. ಹಳ್ಳಿಯಲ್ಲಿ ಮಠದ ವಿರುದ್ಧ ಸಾಕ್ಷಿ ಸಹಿ ಹಾಕುವವರು ಸಿಗುವುದು ಕಷ್ಟವೆಂಬುದೂ ನನಗೆ ಗೊತ್ತಿದೆ. ಬೇಲೀಫರೊಂದಿಗೆ ನಿಮ್ಮ ಕಡೆಯವರೊಬ್ಬರು ಹೋಗಿ ಮಠವನ್ನು ತೋರಿಸಿಕೊಡಲು ಅಡ್ಡಿಯಿಲ್ಲ.

ಬೇಲೀಫರ ಜೊತೆಗೆ ಸ್ವೀಕೃತಿ ಪತ್ರವಿರುವ ನೋಂದಾಯಿತ ಅಂಚೆಯ ಮೂಲಕವೂ ಸಮನ್ಸು ಕಳುಹಿಸುವಂತೆ ಅರ್ಜಿ ಕೊಡಿ. ಲಕೋಟೆ ‘ನಿರಾಕರಿಸಿದ್ದಾರೆ’ ಎಂಬ ಅಂಚೆಯವರ ಬರಹದೊಂದಿಗೆ ಮರಳಿದರೆ ಸಮನ್ಸು ಜಾರಿಯಾಗಿದೆ ಎಂದೇ ನ್ಯಾಯಾಲಯ ಘೋಷಿಸುತ್ತದೆ. ವಿಳಾಸ ಸರಿಯಿದ್ದು, ಸ್ವೀಕೃತಿ ಪತ್ರ 30 ದಿನಗಳಲ್ಲಿ ಮರಳಿ ಬಾರದಿದ್ದರೂ ಹಾಗೆ ಘೋಷಿಸಬಹುದು. ನೀವಾಗಿಯೇ ಸಮನ್ಸಿನ ಫೋಟೊ ತೆಗೆದು ಮಠದ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಮಾತ್ರ ಜಾರಿಯಲ್ಲ. ಆ ಕೆಲಸ ಮಾಡಬೇಡಿ.

ಇದೂ ಫಲಿಸದಿದ್ದರೆ 20ನೆಯ ನಿಯಮದ ಬದಲಿ ಜಾರಿಯನ್ನು ಕೇಳಬೇಕು. ಪ್ರತಿವಾದಿ ಬೇಕೆಂದೇ ಸಮನ್ಸು ತಪ್ಪಿಸುತ್ತಿದ್ದಾರೆ ಎಂದು ನಂಬಲು ಕಾರಣವಿದೆಯೆಂದು ನ್ಯಾಯಾಧೀಶರಿಗೆ ಮನವರಿಕೆಯಾಗಬೇಕಾದದ್ದು ಇಲ್ಲಿಯೇ, ಮತ್ತು ನಿಮ್ಮ ಆ ಪತ್ರಿಕೆಯ ಫೋಟೊ ಉಪಯೋಗಕ್ಕೆ ಬರುವುದೂ ಇಲ್ಲಿಯೇ. ಆ ದಿನದ ಪತ್ರಿಕೆಯ ಪೂರ್ತಿ ಹಾಳೆ, ವಿವಾಹದ ಆಮಂತ್ರಣ ಪತ್ರಿಕೆ, ಅದೇ ತಾರೀಖಿನ ಬೇಲೀಫರ ಶರಾ, ಈ ಮೂರನ್ನೂ ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಲಗತ್ತಿಸಿ. ನ್ಯಾಯಾಲಯ ಒಪ್ಪಿದರೆ ನ್ಯಾಯಾಲಯದ ಕಟ್ಟಡದಲ್ಲಿ ಮತ್ತು ಮಠದ ಎದ್ದುಕಾಣುವ ಜಾಗದಲ್ಲಿ ಸಮನ್ಸು ಅಂಟಿಸಲು ಅಥವಾ ಪತ್ರಿಕೆಯಲ್ಲಿ ಪ್ರಕಟಿಸಲು ಆದೇಶವಾಗುತ್ತದೆ. ಪ್ರಕಟಣೆ ಆ ಭಾಗದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿಯೇ ಬರಬೇಕು. ದರ ಕಡಿಮೆಯೆಂದು ಯಾರೂ ಓದದ ಪತ್ರಿಕೆಗೆ ಕೊಟ್ಟು ಮುಂದೆ ಪೇಚಾಡಿದವರನ್ನು ಕಂಡಿದ್ದೇನೆ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕಾಗಿದೆ. ಮಾಲು ಹೋದದ್ದು ಮಠಕ್ಕೆ. ದಾವೆ ಇರುವುದು ಪೀಠಾಧಿಪತಿಗಳ ಮೇಲೆ. ಮಠವು ಕಾನೂನಿನ ದೃಷ್ಟಿಯಲ್ಲಿ ಸ್ವತಃ ಒಬ್ಬ ವ್ಯಕ್ತಿ. ಆದ್ದರಿಂದ ‘ಪೀಠಾಧಿಪತಿಗಳಿಂದ ಪ್ರತಿನಿಧಿಸಲ್ಪಟ್ಟ ಮಠ’ ಎಂದು ಪ್ರತಿವಾದಿಯ ಹೆಸರು ಇರಬೇಕಾಗಿತ್ತು. ಮಂಟಪವು ಟ್ರಸ್ಟಿನ ಹೆಸರಿನಲ್ಲಿದ್ದರೆ ಟ್ರಸ್ಟಿಗಳೂ ಬೇಕು. ನಿಮ್ಮ ಬಿಲ್ಲುಗಳು ಯಾರ ಹೆಸರಿನಲ್ಲಿವೆ ಎಂದು ಇವತ್ತೇ ನೋಡಿ. ಉದ್ರಿಗೆ ಗಡುವು ಗೊತ್ತುಪಡಿಸಿರದಿದ್ದರೆ ಮಾಲಿನ ಹಣ ಕೇಳುವ ಅವಧಿ ಮಾಲು ಕೊಟ್ಟ ದಿನದಿಂದ 3 ವರ್ಷ. ಹೊಸದಾಗಿ ಸೇರಿಸಿದ ಪ್ರತಿವಾದಿಯ ಮಟ್ಟಿಗೆ ದಾವೆ ಸಾಮಾನ್ಯವಾಗಿ ಸೇರಿಸಿದ ದಿನದಿಂದಲೇ ಹೂಡಿದಂತೆ ಲೆಕ್ಕವಾಗುವುದರಿಂದ, ತಡ ಮಾಡಿದರೆ ಅವಧಿ ಮೀರಬಹುದು. ಹಾಗೆಯೇ ಸಮನ್ಸು ಮರಳಿದ 7 ದಿನಗಳೊಳಗೆ ಹೊಸ ಸಮನ್ಸಿಗೆ ಅರ್ಜಿ ಕೊಡದಿದ್ದರೆ ದಾವೆಯೇ ವಜಾ ಆಗುವ ಅಪಾಯವಿದೆ.

ಸ್ವಾಮಿಗಳು ಕೊನೆಗೂ ಬಾರದಿದ್ದರೆ ಏಕಪಕ್ಷೀಯ ವಿಚಾರಣೆ ನಡೆಯುತ್ತದೆ. ಹಾಗಾಗಿ ಸಿಗುವ ಡಿಕ್ರಿಯನ್ನು (ದಾವೆಯ ತೀರ್ಪಿನ ಆಜ್ಞೆಯನ್ನು) ರದ್ದುಪಡಿಸಲು ಅರ್ಜಿ ಕೊಡಲು ಪ್ರತಿವಾದಿಗೆ 30 ದಿನಗಳಿವೆ. ಸಮನ್ಸು ಬದಲಿ ವಿಧಾನದಿಂದ ಜಾರಿಯಾಗಿದ್ದರೆ ಆ 30 ದಿನ ಡಿಕ್ರಿಯ ತಾರೀಖಿನಿಂದಲ್ಲ, ಡಿಕ್ರಿಯಾದದ್ದು ಅವರಿಗೆ ತಿಳಿದ ದಿನದಿಂದ ಎಣಿಕೆಯಾಗುತ್ತದೆ. ಪತ್ರಿಕಾ ಪ್ರಕಟಣೆಗೆ ಆತುರಪಡದೆ ಮೊದಲು ಅಂಚೆ ಮತ್ತು ಬೇಲೀಫರ ದಾರಿಯನ್ನು ಪೂರ್ತಿ ಮುಗಿಸಿ ಎನ್ನುವುದು ಈ ಕಾರಣಕ್ಕಾಗಿ. ಎದುರಾಳಿ ಬಂದಿಲ್ಲವೆಂದ ಮಾತ್ರಕ್ಕೆ ಡಿಕ್ರಿ ತಾನಾಗಿ ಸಿಗುವುದೂ ಇಲ್ಲ. ಪ್ರತಿ ಲೋಡು ಇಳಿಸಿಕೊಂಡಾಗ ಮಠದ ಕಡೆಯವರು ಸಹಿ ಮಾಡಿದ ಚಲನ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಮುಂದಿನ ಮುದ್ದತಿನೊಳಗೆ (ವಿಚಾರಣೆಯ ತಾರೀಖಿನೊಳಗೆ) ನಿಮ್ಮ ವಕೀಲರ ಕೈಗೆ ಕೊಡಿ.