ಪಾಯಿಂಟ್ ಒಂದನ್ನೇ ಎಣಿಸಿದರೆ ಹೇಗೆ?

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: "ಹಿಂದಿನ ಸಂಚಿಕೆಯಲ್ಲಿ ರಷ್ಯಾದ ಬ್ಯಾಸ್ಕೆಟ್‌ಬಾಲ್ ಆಟಗಾರ ಆಂದ್ರೇ ಕಿರಿಲೆಂಕೊನನ್ನು ಬಾಯ್ತುಂಬ ಹೊಗಳಿದ್ದೀರಿ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎನಲ್ಲಿ ಪಂದ್ಯಕ್ಕೆ ಸರಾಸರಿ 11.8 ಪಾಯಿಂಟ್, ವರ್ಷದ ಶ್ರೇಷ್ಠರು ಆಡುವ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾಗಿದ್ದು ಒಂದೇ ಸಲ, ಚಾಂಪಿಯನ್ ಪಟ್ಟವಂತೂ ಇಲ್ಲವೇ ಇಲ್ಲ. ನಾನೂ ಕಾಲೇಜು ತಂಡದಲ್ಲಿ ಆಡಿದವನು. ಇವನಲ್ಲಿ ಅಂಥದ್ದೇನಿದೆ ಸ್ವಾಮಿ?"

ಅಂಕಿಗಳು ಸರಿಯಾಗಿವೆ. ಹುಡುಕಿ ನೋಡಿ ಬರೆದಿದ್ದೀರಲ್ಲ, ಅದೇ ಖುಷಿ. ಯೂಟಾ ಜಾಝ್ ತಂಡ 2004ರಲ್ಲಿ ಅವನಿಗೆ ಆರು ವರ್ಷಕ್ಕೆ 8.6 ಕೋಟಿ ಡಾಲರ್ ಕೊಟ್ಟಿದ್ದು ಜಾಸ್ತಿಯಾಯ್ತು ಅಂದರೂ ಜಗಳಕ್ಕೆ ಬರುವುದಿಲ್ಲ.

ಆದರೆ ಆಡಿದವರೇ ಹೀಗೆ ಬರೆದರೆ ಬೇಜಾರಾಗುತ್ತದೆ. 2006ರ ಜನವರಿಯಲ್ಲಿ ಲೇಕರ್ಸ್ ವಿರುದ್ಧ ಅವನ ಲೆಕ್ಕ ನೋಡಿ: 14 ಪಾಯಿಂಟ್, 8 ರೀಬೌಂಡ್ (ಗುರಿ ತಪ್ಪಿದ ಚೆಂಡನ್ನು ಹಿಡಿದಿದ್ದು), 9 ಅಸಿಸ್ಟ್ (ಜೊತೆಗಾರ ಬುಟ್ಟಿ ಹಾಕಲು ಕೊಟ್ಟ ಪಾಸ್), 6 ಸ್ಟೀಲ್ (ಎದುರಾಳಿಯಿಂದ ಕಸಿದಿದ್ದು), 7 ಬ್ಲಾಕ್ (ಬುಟ್ಟಿಗೆ ಹೊರಟ ಚೆಂಡನ್ನು ತಡೆದಿದ್ದು). ಐದೂ ಕಾಲಂನಲ್ಲಿ ಐದರ ಮೇಲೆ! 2003ರ ಡಿಸೆಂಬರ್‌ನಲ್ಲಿ ಒಂದೇ ವಾರದ ಅಂತರದಲ್ಲಿ ಎರಡು ಸಲ ಐದೂ ಕಾಲಂನಲ್ಲಿ ಐದು ಮುಟ್ಟಿದ್ದ. ದೊಡ್ಡ ದೊಡ್ಡ ಸ್ಕೋರರ್‌ಗಳಿಗೆ ಇಡೀ ಜೀವನದಲ್ಲಿ ಒಮ್ಮೆಯೂ ಆಗದ ಕೆಲಸ ಇದು. 2004-05ರಲ್ಲಿ ಪಂದ್ಯಕ್ಕೆ 3.3 ಬ್ಲಾಕ್, ಇಡೀ ಲೀಗ್‌ಗೇ ಮೊದಲಿಗ. ಅವನೇನು ಬುಟ್ಟಿಯ ಕೆಳಗೆ ನಿಲ್ಲುವ ದೈತ್ಯ ಸೆಂಟರ್ ಅಲ್ಲ, ಸಣಕಲು ಫಾರ್ವರ್ಡ್. ಎಲ್ಲಿಂದಲೋ ಓಡಿ ಬಂದು, ಇನ್ನೇನು ಬಿತ್ತು ಅನ್ನುವ ಚೆಂಡನ್ನು ಹೊಡೆದು ಹಾಕುತ್ತಿದ್ದ.

ಹುಟ್ಟಿದ್ದು 1981ರಲ್ಲಿ, ಎಕೆ-47 ಬಂದೂಕು ತಯಾರಾಗುತ್ತಿದ್ದ ಇಝೆವ್‌ಸ್ಕ್‌ನಲ್ಲಿ. ಹೆಸರಿನ ಮೊದಲಕ್ಷರಗಳೂ ಎ, ಕೆ. ಹಾಗಾಗಿ ಜೆರ್ಸಿ ಮೇಲೆ 47. ಬೆಳೆದಿದ್ದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. 1999ರ ಡ್ರಾಫ್ಟ್‌ನಲ್ಲಿ (ಎನ್‌ಬಿಎ ತಂಡಗಳು ಹೊಸಬರನ್ನು ಸರದಿಯಂತೆ ಆರಿಸುವ ವ್ಯವಸ್ಥೆ) ಯೂಟಾ ಆರಿಸಿಕೊಂಡಾಗ 18 ವರ್ಷ. ಮಾಸ್ಕೋದ ಸಿಎಸ್‌ಕೆಎ ಕ್ಲಬ್‌ಗೆ ಆಡಿಕೊಂಡಿದ್ದು 2001ರಲ್ಲಿ ಅಮೆರಿಕಕ್ಕೆ ಹೋದ.

ನಿಮ್ಮಂಥವರ ಮಾತು ಅವನಿಗೂ ತಾಗದೆ ಇರಲಿಲ್ಲ. 2006-07ರಲ್ಲಿ ತಂಡದ ಆಟ ಜೊತೆಗಾರರಾದ ಬೂಝರ್, ಡೆರನ್ ವಿಲಿಯಮ್ಸ್ ಸುತ್ತ ತಿರುಗತೊಡಗಿತು, ಇವನ ಕೈಗೆ ಚೆಂಡು ಬರುವುದೇ ಕಮ್ಮಿಯಾಯ್ತು, ಹಿಂದೆ 16.5 ಇದ್ದ ಸರಾಸರಿ 8.3ಕ್ಕೆ ಇಳಿಯಿತು. ಪ್ಲೇಆಫ್ ಹೊತ್ತಿಗೆ ವರದಿಗಾರರ ಮುಂದೆ ಕಣ್ಣೀರು ಹಾಕಿಬಿಟ್ಟ. ಅದನ್ನು ಆಡಿಕೊಂಡವರೇ ಜಾಸ್ತಿ. 2007ರ ಸೆಪ್ಟೆಂಬರ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ಯುರೋಪಿಯನ್ ಚಾಂಪಿಯನ್‌ಶಿಪ್ ಫೈನಲ್. ಸ್ಪೇನ್‌ನದೇ ನೆಲ, ಅವರದೇ ಜನ. ರಷ್ಯಾ 60-59ರಿಂದ ಗೆದ್ದಿತು. ಕೊನೆಯ ಬುಟ್ಟಿ ರಷ್ಯಾದ ಇನ್ನೊಬ್ಬ ಆಟಗಾರ ಹೋಲ್ಡನ್‌ದು, ಟೂರ್ನಿಯ ಶ್ರೇಷ್ಠ ಆಟಗಾರ ಮಾತ್ರ ಕಿರಿಲೆಂಕೊ. ಕೋಚ್ ಡೇವಿಡ್ ಬ್ಲಾಟ್‌ಗೆ ಅವನಿಂದ ಏನು ಕೆಲಸ ತೆಗೆಯಬೇಕೆಂದು ಗೊತ್ತಿತ್ತು, ಅಷ್ಟೇ.

2011ರಲ್ಲಿ ಮಾಲೀಕರು-ಆಟಗಾರರ ಹಣದ ಜಗಳದಲ್ಲಿ ಎನ್‌ಬಿಎ ಬಾಗಿಲು ಹಾಕಿದ್ದಾಗ ಸಿಎಸ್‌ಕೆಎಗೆ ವಾಪಸ್ ಹೋದವನು 2012ರಲ್ಲಿ ಯುರೋಪಿನ ಕ್ಲಬ್‌ಗಳ ಲೀಗ್ ಆದ ಯೂರೋಲೀಗ್‌ನ ಶ್ರೇಷ್ಠ ಆಟಗಾರನೂ (ಎಂವಿಪಿ) ಆದ, ಶ್ರೇಷ್ಠ ಡಿಫೆಂಡರೂ ಆದ. ಇಸ್ತಾಂಬುಲ್ ಫೈನಲ್‌ನಲ್ಲಿ 19 ಪಾಯಿಂಟ್ ಮುಂದಿದ್ದ ತಂಡ ಗ್ರೀಸ್‌ನ ಒಲಿಂಪಿಯಾಕೋಸ್‌ಗೆ 62-61ರಲ್ಲಿ ಸೋತಿತು. (ಅದನ್ನು ಈಗಲೂ ಪೂರ್ತಿ ನೋಡಲಾಗುವುದಿಲ್ಲ ನನಗೆ.) ಆ ಬೇಸಿಗೆಯಲ್ಲೇ ಲಂಡನ್ ಒಲಿಂಪಿಕ್ಸ್, ಅರ್ಜೆಂಟೀನಾ ವಿರುದ್ಧ 81-77, ಕಂಚು. ಸೋವಿಯತ್ ಒಕ್ಕೂಟ ಒಡೆದ ಮೇಲೆ ರಷ್ಯಾದ ಪುರುಷರಿಗೆ ಈ ಆಟದಲ್ಲಿ ಸಿಕ್ಕ ಮೊದಲ ಒಲಿಂಪಿಕ್ ಪದಕ. 2015ರಲ್ಲಿ ಆಟ ಬಿಟ್ಟ, ಅದೇ ವರ್ಷ ರಷ್ಯಾ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ ಅಧ್ಯಕ್ಷನೂ ಆದ.

ನಿಮ್ಮ ಕಾಲೇಜು ತಂಡದಲ್ಲೂ ಎದುರಾಳಿಯ ಒಳ್ಳೆ ಆಟಗಾರನ ಬೆನ್ನಿಗೆ ಬಿದ್ದು ಸುಸ್ತು ಮಾಡುವ ಹುಡುಗ ಒಬ್ಬ ಇದ್ದಿರಬೇಕು ಅಲ್ವಾ? ಅವನ ಹೆಸರು ಯಾವ ಪೇಪರಿನಲ್ಲಾದರೂ ಬಂದಿತ್ತಾ? ನಮ್ಮಲ್ಲಿ ಸ್ಕೂಲ್ ಟೂರ್ನಿಯಿಂದ ಹಿಡಿದು ಎಲ್ಲ ಕಡೆ ಇದೇ ಪಾಡು. ಯಾರು ಎಷ್ಟು ಬುಟ್ಟಿ ಹಾಕಿದರು ಅಂತ ಒಂದು ಸಾಲು, ಮುಗೀತು. ಆಯ್ಕೆ ಮಾಡುವವರೂ ಆ ಸಾಲನ್ನೇ ಓದುತ್ತಾರೆ. ಹುಡುಗರು ಜಾಣರು, ಡಿಫೆನ್ಸ್ ಬಿಟ್ಟು ಶೂಟ್ ಮಾಡುತ್ತಾ ನಿಲ್ಲುತ್ತಾರೆ. ಬ್ಲಾಕ್, ಸ್ಟೀಲ್ ಕೂಡ ಎಣಿಸಿ ಕಳಿಸಿ ಅಂತ ನಮ್ಮ ವರದಿಗಾರರಿಗೆ ಹೇಳಿ ಹೇಳಿ ಸಾಕಾಗಿದೆ. ಇದುವರೆಗೆ ಒಬ್ಬರೂ ಕಳಿಸಿಲ್ಲ.