ಬಟ್ಟಲು ಹಾರಿತು: ತಪ್ಪು ಚಕ್ಕಿನದೇ?

ಪ್ರಶ್ನೆ: ಮನೆಯ ಶೆಡ್ಡಿನಲ್ಲಿ, ಮರವನ್ನು ತಿರುಗಿಸಿ ಉಳಿಯಿಂದ ಕಡೆಯುವ ಸಣ್ಣದೊಂದು ಲೇತ್ ಯಂತ್ರ ಇಟ್ಟುಕೊಂಡಿದ್ದೇನೆ. ಹಸಿ ಹಲಸಿನ ಮರದಲ್ಲಿ 10 ಅಂಗುಲ ಅಗಲದ ಬಟ್ಟಲನ್ನು ನಿಮಿಷಕ್ಕೆ 1,800 ಸುತ್ತಿನ ವೇಗದಲ್ಲಿ ಕಡೆಯುತ್ತಿದ್ದಾಗ ಉಳಿ ಸಿಕ್ಕಿಕೊಂಡಿತು. ಮರ ಚಕ್ಕಿನಿಂದ (ಮರವನ್ನು ದವಡೆಗಳಲ್ಲಿ ಕಚ್ಚಿ ಹಿಡಿದು ತಿರುಗಿಸುವ ಭಾಗ) ಕಿತ್ತುಬಂದು ಗೋಡೆಗೆ ಬಡಿಯಿತು. ಪಕ್ಕಕ್ಕೆ ನಿಂತಿದ್ದರಿಂದ ನನಗೆ ಪೆಟ್ಟಾಗಲಿಲ್ಲ. ಚಕ್ ಬದಲಾಯಿಸಬೇಕೇ?

ಉತ್ತರ: ನಿಮಗೆ ಪೆಟ್ಟಾಗಲಿಲ್ಲವೆಂಬುದೇ ದೊಡ್ಡ ಸಮಾಧಾನ. ಚಕ್ಕಿನ ದವಡೆಗಳಲ್ಲಿ ಬಿರುಕಿಲ್ಲದಿದ್ದರೆ, ಅವು ಸರಾಗವಾಗಿ ಸರಿದು ಬಿಗಿಯಾಗುತ್ತಿದ್ದರೆ, ಹೊಸ ಚಕ್ಕಿಗೆ ಹಣ ಹಾಕಬೇಡಿ. ನೀವು ಹೇಳಿದ ವೇಗದಲ್ಲಿ ಬಟ್ಟಲಿನ ಅಂಚು ಗಂಟೆಗೆ ಸುಮಾರು 86 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಮರದ ವ್ಯಾಸವನ್ನು ಅಂಗುಲದಲ್ಲಿ ಅಳೆದು ಸುತ್ತಿನ ಸಂಖ್ಯೆಯಿಂದ ಗುಣಿಸಿದರೆ 6,000ದಿಂದ 9,000ದೊಳಗೆ ಬರಬೇಕೆಂಬುದು ಕಡೆತದವರು ಪಾಲಿಸುವ ಲೆಕ್ಕ. ಆ ಪ್ರಕಾರ ನಿಮ್ಮ ಬಟ್ಟಲಿಗೆ 600ರಿಂದ 900 ಸುತ್ತು ಸಾಕು, ಮರ ಇನ್ನೂ ಸೊಟ್ಟಗಿರುವಾಗ ಅದಕ್ಕಿಂತಲೂ ಕಡಿಮೆ ಇರಲಿ.

ಇನ್ನು ಹಿಡಿತದ ಮಾತು. ಚಕ್ ಕಚ್ಚಿಕೊಳ್ಳಲೆಂದು ಬಟ್ಟಲಿನ ಬುಡದಲ್ಲಿ ಬಿಡುವ ಗುಂಡನೆಯ ದಿಂಡು ಬಟ್ಟಲಿನ ವ್ಯಾಸದ ಮೂರನೇ ಒಂದು ಭಾಗದಷ್ಟಾದರೂ ಇರಬೇಕು. ದಿಂಡಿನ ತುದಿ ಚಕ್ಕಿನ ತಳಕ್ಕೆ ತಾಗಬಾರದು. ದಿಂಡಿನ ಸುತ್ತಲಿನ ಚಪ್ಪಟೆ ಭಾಗ ದವಡೆಗಳ ಮುಖದ ಮೇಲೆ ಸಂದಿಲ್ಲದೆ ಕೂರಬೇಕು, ಏಕೆಂದರೆ ಉಳಿಯ ಅಡ್ಡ ತಳ್ಳುವಿಕೆಯನ್ನು ತಡೆಯುವುದು ಅದೇ. ಹಸಿ ಮರ ದವಡೆಗಳ ಒತ್ತಡಕ್ಕೆ ಕುಗ್ಗುವುದರಿಂದ, ಸ್ವಲ್ಪ ಹೊತ್ತು ಕಡೆದ ಮೇಲೆ ಯಂತ್ರ ನಿಲ್ಲಿಸಿ ಮತ್ತೆ ಬಿಗಿಮಾಡಿ. ಹೊರಮೈ ಕಡೆಯುವಾಗ, ಮರವನ್ನು ಎದುರು ಬದಿಯಿಂದ ಒತ್ತಿ ಹಿಡಿಯುವ ಟೇಲ್‌ಸ್ಟಾಕ್‌ನ ಆಸರೆ ತೆಗೆಯಲೇಬೇಡಿ.

ಉಳಿ ಯಾವುದೆಂದು ನೀವು ಬರೆದಿಲ್ಲ. ಉದ್ದ ಕಂಬ ಒರಟು ಕಡೆಯುವ ಅಗಲ ಉಳಿಯನ್ನು ಬಟ್ಟಲಿಗೆ ಬಳಸಿದ್ದರೆ ಇಂದೇ ಬಿಡಿ. ಹಿಡಿಯೊಳಗಿನ ಅದರ ತೆಳ್ಳನೆಯ ಬಾಲ ಇಂಥ ಪೆಟ್ಟಿಗೆ ಮುರಿಯುತ್ತದೆ. ಕೈಗವಸು ಬೇಡ, ತೋಳು ಸಡಿಲವಿರುವ ಅಂಗಿಯೂ ಬೇಡ. ಕನ್ನಡಕ ಮಾತ್ರ ಸಾಲದು, ಪೂರ್ತಿ ಮುಖ ಮುಚ್ಚುವ ಗುರಾಣಿ ಹಾಕಿ.

ನೀವು ಕೇಳದಿದ್ದರೂ ಇನ್ನೊಂದನ್ನು ಹೇಳಲೇಬೇಕು. ಕಡೆಯುತ್ತಿರುವಾಗ ಕರೆಂಟು ಹೋಗಿ, ನೀವು ಮರವನ್ನು ಮುಟ್ಟಿ ನೋಡುತ್ತಿರುವಾಗಲೇ ಅದು ಮರಳಿದರೆ, ಸಾಮಾನ್ಯ ಸ್ವಿಚ್ಚಿರುವ ಲೇತ್ ತಾನಾಗಿ ತಿರುಗತೊಡಗುತ್ತದೆ. ಕರೆಂಟು ಹೋದೊಡನೆ ತಾನೇ ಆಫ್ ಆಗುವ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್ನರಿಂದ ಹಾಕಿಸಿಕೊಳ್ಳಿ. ಅಲ್ಲಿಯವರೆಗೆ ಕರೆಂಟು ಹೋದಾಗಲೆಲ್ಲ ಮೊದಲು ಪ್ಲಗ್ ಕಿತ್ತು, ಆಮೇಲೆ ಮರಕ್ಕೆ ಕೈ ಹಾಕಿ.