ಸಂಪಾದಕರ ಉತ್ತರ: ಬೈದರೆ ಕುರ್ಚಿ ಬಿಡಬೇಕೇ?

ಓದುಗರ ಪತ್ರ: “ಮಾನ್ಯ ಸಂಪಾದಕರೇ, ಅಧಿಕಾರಿಗಳನ್ನು ಕೀಳಾಗಿ ನಡೆಸಿಕೊಳ್ಳುವ ಮಂತ್ರಿಗಳು ರಾಜೀನಾಮೆ ಕೊಡಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಕೋಪದಲ್ಲಿ ಬಾಯಿತಪ್ಪಿ ಬಂದ ಮಾತಿಗೆ ಮಂತ್ರಿಗಿರಿ ಕಿತ್ತುಕೊಳ್ಳುವುದು ಅತಿಯಾಯಿತು. ಜನರನ್ನು ಓಡಾಡಿಸುವ ಅಧಿಕಾರಿಗೆ ಬೈಯದೆ ಆರತಿ ಎತ್ತಬೇಕೇ? ಆರಿಸಿದವರು ನಾವು, ಕಳಿಸುವುದಾದರೂ ನಾವೇ ಕಳಿಸುತ್ತೇವೆ. – ಒಬ್ಬ ನಿವೃತ್ತ ಮೇಷ್ಟ್ರು”

ಮೇಷ್ಟ್ರೇ, ಎರಡು ಪುಟ ತುಂಬಾ ಬರೆದು ಒಂದು ಪದವನ್ನೂ ಹೊಡೆದುಹಾಕದವರು ಈಗ ಜಾಸ್ತಿ ಉಳಿದಿಲ್ಲ. (ಮೇಲೆ ಅಚ್ಚಾಗಿರುವುದು ಅದರ ಸಾರ ಮಾತ್ರ.) ನಿಮ್ಮ ಅಕ್ಷರ ನೋಡಿಯೇ ಅರ್ಧ ಸೋತೆ. ಇನ್ನರ್ಧ ಸೋಲುವ ಮನಸ್ಸಿಲ್ಲ.

ಮೊದಲು ನಿಮ್ಮ ಪಾಲಿನದನ್ನು ಕೊಟ್ಟುಬಿಡುತ್ತೇನೆ. ಕೆಲಸಗಳ್ಳ ಅಧಿಕಾರಿಗಳಿದ್ದಾರೆ. ದೂರು ಕೊಡುವವರೆಲ್ಲ ಹರಿಶ್ಚಂದ್ರರೂ ಅಲ್ಲ. ಬ್ರಿಟನ್ನಿನ ಆಂಡ್ರ್ಯೂ ಮಿಚೆಲ್ ಕಥೆ ನೋಡಿ. ಆತ ಆಡಳಿತ ಪಕ್ಷದ ಮುಖ್ಯ ಸಚೇತಕ. 2012ರ ಸೆಪ್ಟೆಂಬರ್ 19ರ ಸಂಜೆ, ಪ್ರಧಾನಿಯ ನಿವಾಸವಿರುವ ಡೌನಿಂಗ್ ಸ್ಟ್ರೀಟ್‌ನಿಂದ ಸೈಕಲ್ ಮೇಲೆ ಹೊರಟಿದ್ದರು. ದೊಡ್ಡ ಗೇಟು ತೆಗೆಯಿರಿ ಎಂದರು. ಕಾವಲಿನ ಪೊಲೀಸರು ಪಕ್ಕದ ಚಿಕ್ಕ ಗೇಟಿನಲ್ಲಿ ಹೋಗಿ ಎಂದರು. ಅಷ್ಟಕ್ಕೇ ಮಿಚೆಲ್ ಸಿಟ್ಟಿಗೆದ್ದರು. ಕೆಟ್ಟ ಮಾತು ಆಡಿದ್ದನ್ನು ಒಪ್ಪಿಕೊಂಡರು, ‘ಪ್ಲೆಬ್’ ಅಂದಿಲ್ಲ ಎಂದರು. ಕೀಳು ಜನ ಎನ್ನುವ ಅರ್ಥದ ಪದ ಅದು. ಸರಿಯಾಗಿ ಒಂದು ತಿಂಗಳಿಗೆ ರಾಜೀನಾಮೆ. ಆಮೇಲೆ ಗೊತ್ತಾಯಿತು, ಇದೆಲ್ಲ ಕಣ್ಣಾರೆ ಕಂಡೆ ಎಂದು ದಾರಿಹೋಕನ ಸೋಗಿನಲ್ಲಿ ಇಮೇಲ್ ಬರೆದಿದ್ದವನು ಒಬ್ಬ ಪೊಲೀಸ್. ಅವನು ಅವತ್ತು ಅಲ್ಲಿರಲೇ ಇಲ್ಲ! ಅವನಿಗೆ 12 ತಿಂಗಳು ಜೈಲಾಯಿತು.

ಇಲ್ಲಿಗೆ ನಿಲ್ಲಿಸಿದರೆ ನೀವು ಗೆದ್ದಿರಿ. ಆದರೆ ಮಿಚೆಲ್ ಈ ಸುದ್ದಿ ಹಾಕಿದ್ದ ‘ಸನ್’ ಪತ್ರಿಕೆಯ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದ್ದರು. 2014ರ ನವೆಂಬರಿನಲ್ಲಿ ತೀರ್ಪು ಬಂತು. ಆ ಪದವನ್ನೋ ಅದಕ್ಕೆ ತೀರಾ ಹತ್ತಿರದ್ದನ್ನೋ ಅವರು ಆಡಿರುವ ಸಂಭವವೇ ಹೆಚ್ಚು ಎಂದರು ನ್ಯಾಯಾಧೀಶರು. 2022ರಲ್ಲಿ ಅದೇ ಮಿಚೆಲ್ ಮತ್ತೆ ಮಂತ್ರಿಯಾದರು. ರಾಜೀನಾಮೆ ಅಂದರೆ ಗಲ್ಲುಶಿಕ್ಷೆ ಅನ್ನುವ ಹಾಗೆ ಬರೆದಿದ್ದೀರಲ್ಲ, ಅದಕ್ಕೆ ಹೇಳಿದೆ.

ಅಲ್ಲಿ ಒಂದು ಪದ ಆಡಿದರೋ ಇಲ್ಲವೋ ಎಂದು ಕೋರ್ಟಿನವರೆಗೆ ಹೋದರು. ಕನ್ನಡದಲ್ಲಿ ಬೈಗುಳವೇ ಬೇಕಿಲ್ಲ. ‘ಹೇಳಿ’ ಅನ್ನುವುದನ್ನು ‘ಹೇಳು’ ಮಾಡಿದರೆ ಸಾಕು. ನೀವು ಮೂವತ್ತು ವರ್ಷ ಪಾಠ ಹೇಳಿದವರು. ತಪಾಸಣೆಗೆ ಬಂದವರು ಮಕ್ಕಳ ಎದುರಿಗೇ “ಏನಯ್ಯಾ, ಏನು ಕಲಿಸಿದ್ದೀಯ ಇವಕ್ಕೆ?” ಅಂದಿದ್ದರೆ? ಮರುದಿನ ಬೆಳಿಗ್ಗೆ ಅದೇ ತರಗತಿಗೆ ಹೋಗಿ ನಿಲ್ಲಬೇಕಿತ್ತು, ಅಲ್ವಾ?

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಆಗ ನಾನು ವರದಿಗಾರ, ಕೆಲಸಕ್ಕೆ ಹೊಸಬ. ಮಂತ್ರಿಯೊಬ್ಬರ ಪರಿಶೀಲನಾ ಸಭೆಗೆ ಹೋಗಿದ್ದೆ. ಯಾವುದೋ ನೀರಿನ ಕಾಮಗಾರಿ ಅರ್ಧಕ್ಕೆ ನಿಂತಿತ್ತು. ಎಂಜಿನಿಯರ್ ಎದ್ದು ನಿಂತು “ಸರ್, ಅದು...” ಅನ್ನುವಷ್ಟರಲ್ಲಿ “ಮುಚ್ಚಯ್ಯಾ ಬಾಯಿ” ಬಂತು. ಮೈಕ್ ಆನ್ ಇತ್ತು. ಹತ್ತು ನಿಮಿಷ ಏಕವಚನದಲ್ಲಿ ಜಾಡಿಸಿದರು. ಅಷ್ಟೂ ಹೊತ್ತು ಆ ಮನುಷ್ಯ ಪೆನ್ನಿನ ಕ್ಯಾಪನ್ನು ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು. ಮುಂದಿದ್ದ ಫೈಲಿನಿಂದ ಒಂದು ಹಾಳೆ ಅರ್ಧ ಹೊರಗೆ ಬಂದಿತ್ತು. ನಾನು ‘ಎಂಜಿನಿಯರ್‌ಗೆ ಚಳಿ ಬಿಡಿಸಿದ ಸಚಿವರು’ ಎಂದು ಬರೆದು ಕಳಿಸಿದೆ. ಮುಖಪುಟದಲ್ಲಿ ಬಂತು. ಎರಡು ದಿನ ಬೀಗಿಕೊಂಡು ಓಡಾಡಿದೆ.

ತಿಂಗಳಾದ ಮೇಲೆ ಅದೇ ಎಂಜಿನಿಯರ್ ಕಚೇರಿಯ ಮೆಟ್ಟಿಲ ಹತ್ತಿರ ಸಿಕ್ಕರು. ಒಳಗೆ ಕರೆದುಕೊಂಡು ಹೋಗಿ ಆ ಹಾಳೆ ತೋರಿಸಿದರು. ಕಾಮಗಾರಿಗೆ ಹಣ ಬಿಡುಗಡೆ ಮಾಡಿ ಎಂದು ಮಂತ್ರಿಯ ಕಚೇರಿಗೇ ಹೋಗಿದ್ದ ಮೂರನೇ ಪತ್ರದ ನಕಲು. ಅವತ್ತೇ ತೋರಿಸಬಾರದಿತ್ತೇ ಎಂದೆ. “ಬಾಯಿ ತೆಗೆಯೋಕೆ ಬಿಟ್ರಾ? ಇನ್ಮೇಲೆ ಕೇಳಿದ್ರೂ ಹೇಳಲ್ಲ. ಎಲ್ಲಾ ಚೆನ್ನಾಗಿ ನಡೀತಿದೆ ಸರ್ ಅಂತೀನಿ, ಅಷ್ಟೇ.”

ನನ್ನ ತಕರಾರೆಲ್ಲ ಆ ಕೊನೆಯ ಮಾತಿನ ಸುತ್ತಲೇ ಇದೆ. ಅಧಿಕಾರಿಯ ಮನಸ್ಸು ನೋಯಿತು ಅನ್ನುವುದಕ್ಕೆ ನಾನು ಮಂತ್ರಿಯ ಕುರ್ಚಿ ಕೇಳುತ್ತಿಲ್ಲ. ಬೈಯುವ ಮಂತ್ರಿಗೆ ಕೆಟ್ಟ ಸುದ್ದಿ ಬರುವುದು ನಿಂತುಹೋಗುತ್ತದೆ. ಕೆಟ್ಟ ಸುದ್ದಿ ಗೊತ್ತಾಗದೆ ಖಾತೆ ನಡೆಸುವುದು ಹೇಗೆ?

ಇದು ಸುಮ್ನೆ ಹೇಳುವ ಮಾತಲ್ಲ. ಇಸ್ರೇಲಿನಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕದ 24 ತಂಡಗಳ ಮೇಲೆ ಒಂದು ಪ್ರಯೋಗ ಮಾಡಿದರು. ಅವಧಿಗೆ ಮೊದಲೇ ಹುಟ್ಟಿದ ಕೂಸೊಂದರ ಸ್ಥಿತಿ ಕೆಡುತ್ತಿದೆ ಅನ್ನುವ ಅಣಕು ಸನ್ನಿವೇಶ. ಕೆಲವು ತಂಡಗಳಿಗೆ ಹೊರಗಿನಿಂದ ಬಂದ ತಜ್ಞನೊಬ್ಬ ಹಗುರವಾಗಿ ಚುಚ್ಚುಮಾತು ಆಡಿದ. ಕೂಗಾಟವೇನೂ ಇಲ್ಲ. ಆ ತಂಡಗಳು ರೋಗ ಗುರುತಿಸುವುದರಲ್ಲೂ ಚಿಕಿತ್ಸೆ ಕೊಡುವುದರಲ್ಲೂ ಉಳಿದವರಿಗಿಂತ ಹಿಂದೆ ಬಿದ್ದವು. ಒಬ್ಬರಿಗೊಬ್ಬರು ವಿಷಯ ಹೇಳಿಕೊಳ್ಳುವುದು, ನೆರವು ಕೇಳುವುದು ಕಡಿಮೆಯಾಗಿತ್ತು. 2015ರಲ್ಲಿ ಪ್ರಕಟವಾದ ಅಧ್ಯಯನ ಇದು. ಅಪರಿಚಿತನ ಒಂದು ಕೊಂಕು ಮಾತಿಗೆ ಹೀಗಾದರೆ, ವರ್ಗಾವಣೆ ಮಾಡಿಸುವ ಕೈಯಿರುವವನ ಬೈಗುಳಕ್ಕೆ?

ಸರ್ದಾರ್ ಪಟೇಲರಿಗೆ ಇದು ಗೊತ್ತಿತ್ತು. 1949ರ ಅಕ್ಟೋಬರ್ 10ರಂದು ಸಂವಿಧಾನ ಸಭೆಯಲ್ಲಿ ಅವರು, ನನ್ನ ಕಾರ್ಯದರ್ಶಿ ನನ್ನ ಅಭಿಪ್ರಾಯಕ್ಕೆ ವಿರುದ್ಧವಾಗಿ ಟಿಪ್ಪಣಿ ಬರೆಯಬಹುದು, ಆ ಸ್ವಾತಂತ್ರ್ಯ ಕೊಟ್ಟಿದ್ದೇನೆ ಎಂದರು. ನನಗೆ ಬೇಸರವಾಗುತ್ತದೆಂದು ಹೆದರಿ ನಿಜ ಹೇಳದಿದ್ದರೆ ನೀವು ಹೋಗಿ, ಬೇರೆಯವರನ್ನು ತರುತ್ತೇನೆ ಎಂದೂ ಹೇಳಿದ್ದೇನೆ ಎಂದರು. ಪಟೇಲರೇನು ಮೆತ್ತಗಿನ ಆಸಾಮಿಯೇ? ಬಿಗಿಯಾಗಿರುವುದಕ್ಕೂ ಒರಟಾಗಿರುವುದಕ್ಕೂ ಇರುವ ಅಂತರ ಅವರಿಗೆ ಗೊತ್ತಿತ್ತು, ಅಷ್ಟೇ.

ಬ್ರಿಟನ್ನಿನಲ್ಲೂ ಒಂದೇ ನ್ಯಾಯ ಇದೆ ಅಂದುಕೊಳ್ಳಬೇಡಿ. 2020ರಲ್ಲಿ ಗೃಹ ಸಚಿವೆ ಪ್ರೀತಿ ಪಟೇಲ್ ಸಿಬ್ಬಂದಿಯನ್ನು ನಡೆಸಿಕೊಂಡ ರೀತಿ ಕೆಲವೊಮ್ಮೆ ದಬ್ಬಾಳಿಕೆ ಅನ್ನಿಸುವಂತಿತ್ತು, ಉದ್ದೇಶ ಹಾಗಿರದಿದ್ದರೂ ನೀತಿಸಂಹಿತೆ ಮುರಿದಂತಾಯಿತು ಎಂದರು ಪ್ರಧಾನಿಯ ಸಲಹೆಗಾರ ಅಲೆಕ್ಸ್ ಅಲನ್. ಪ್ರಧಾನಿ ಬೋರಿಸ್ ಜಾನ್ಸನ್ ಒಪ್ಪಲಿಲ್ಲ. ಸಚಿವೆ ಉಳಿದರು, ಅಲನ್ ರಾಜೀನಾಮೆ ಕೊಟ್ಟರು! ಮೂರು ವರ್ಷ ಕಳೆಯುವುದರೊಳಗೆ ಉಪಪ್ರಧಾನಿ ಡೊಮಿನಿಕ್ ರಾಬ್ ಸರದಿ. ದಬ್ಬಾಳಿಕೆ ಸಾಬೀತಾದರೆ ಹೋಗುತ್ತೇನೆ ಎಂದಿದ್ದರು. ತನಿಖೆಯಲ್ಲಿ ಕೆಲವು ದೂರುಗಳು ನಿಂತವು. 2023ರ ಏಪ್ರಿಲ್ 21ರಂದು ಹೋದರು. ಇಷ್ಟಕ್ಕೆಲ್ಲ ದಬ್ಬಾಳಿಕೆ ಎಂದರೆ ಮುಂದೆ ಅಪಾಯ ಎಂದು ಗೊಣಗಿಕೊಂಡೇ ಹೋದರು. ನಿಮ್ಮ ವಾದವೂ ಹೆಚ್ಚು ಕಡಿಮೆ ಅದೇ, ಮೇಷ್ಟ್ರೇ. ಆದರೂ ಕೊಟ್ಟ ಮಾತಿಗೆ ಹೋದರಲ್ಲ, ಅದು ನನಗೆ ಮುಖ್ಯ.

“ಕಳಿಸುವುದಾದರೂ ನಾವೇ” ಅನ್ನುತ್ತೀರಿ. ನೀವು ಕಳಿಸುವುದು ಐದು ವರ್ಷಕ್ಕೊಮ್ಮೆ. ಬೈಸಿಕೊಂಡವರು ಸೋಮವಾರ ಬೆಳಿಗ್ಗೆ ಅದೇ ಬಾಗಿಲ ಮುಂದೆ ಕಾಯಬೇಕು. ಮತ ಕೊಟ್ಟು ಕಳಿಸಿದ ಶಾಸಕ ಸ್ಥಾನ ಇಟ್ಟುಕೊಳ್ಳಲಿ, ನಾನು ಕೇಳುತ್ತಿರುವುದು ಮಂತ್ರಿಗಿರಿಯನ್ನು ಮಾತ್ರ. ಅದು ನೀವು ಕೊಟ್ಟದ್ದಲ್ಲ. ಒಂದೇ ಒಂದು ಸಲ ನಾಲಿಗೆ ಜಾರಿದರೆ, ಬೈದ ಸಭೆಯಲ್ಲೇ, ಅದೇ ಮೈಕಿನಲ್ಲಿ ಕ್ಷಮೆ ಕೇಳಲಿ. ಬೈಯುವುದೇ ಚಾಳಿಯಾಗಿದ್ದರೆ ಹೋಗಲಿ.

ಇಲ್ಲಿ ಮಾತಿನಿಂದ ಕೈಗೆ ಹೋದವರೂ ಉಳಿಯುತ್ತಾರೆ. 2017ರ ಮಾರ್ಚಿನಲ್ಲಿ ಸಂಸದ ರವೀಂದ್ರ ಗಾಯಕ್‌ವಾಡ್, ಆಗ ಸರ್ಕಾರದ್ದೇ ಆಗಿದ್ದ ಏರ್ ಇಂಡಿಯಾದ ಸಿಬ್ಬಂದಿಗೆ ಚಪ್ಪಲಿಯಿಂದ 25 ಸಲ ಹೊಡೆದೆ ಎಂದು ಟಿವಿಯವರ ಮುಂದೆ ತಾವೇ ಹೇಳಿಕೊಂಡರು. ವಿಮಾನ ಸಂಸ್ಥೆಗಳು ಹತ್ತಿಸಿಕೊಳ್ಳುವುದಿಲ್ಲ ಎಂದವು. ವಿಷಾದದ ಪತ್ರ ಬಂತು, ಎರಡು ವಾರ ಕಳೆಯುವ ಹೊತ್ತಿಗೆ ನಿಷೇಧ ಹೋಯಿತು. ಸಂಸದರು ಸಂಸದರಾಗಿಯೇ ಉಳಿದರು.

ಇನ್ನು ಆರತಿಯ ವಿಷಯ. ಆರತಿ ಬೇಡ, ನೋಟಿಸ್ ಕೊಡಲಿ. ವಿಚಾರಣೆ ಇದೆ, ಅಮಾನತು ಇದೆ, ಬಡ್ತಿ ತಡೆಯುವುದಿದೆ. ಆದರೆ ನೋಟಿಸ್ ಕೊಡುವುದನ್ನು ವಿಡಿಯೊ ಮಾಡಿದರೆ ಯಾರು ನೋಡುತ್ತಾರೆ? ಬೈಯುವುದನ್ನು ನೋಡುತ್ತಾರೆ. ಅದಕ್ಕೇ ಸಭೆಗೆ ಕ್ಯಾಮೆರಾ ಮೊದಲು ಬರುತ್ತದೆ, ಮಂತ್ರಿ ಆಮೇಲೆ. ಬೈಸಿಕೊಳ್ಳುವವರು ಯಾರು ಅಂತಲೂ ಗಮನಿಸಿ. ನರ್ಸು, ಗುಮಾಸ್ತ, ಗೇಟಿನ ಕಾವಲುಗಾರ. ಹಣಕಾಸು ಇಲಾಖೆಯ ದೊಡ್ಡ ಅಧಿಕಾರಿಯನ್ನು ಏಕವಚನದಲ್ಲಿ ಕರೆದ ಮಂತ್ರಿಯನ್ನು ನಾನಂತೂ ನೋಡಿಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.

ಚಪ್ಪಾಳೆ ಹೊಡೆಯುವವರು ನಾವು. ನಮ್ಮ ಪತ್ರಿಕೆಗಳ ಪದಕೋಶ ನೋಡಿ: ಚಳಿ ಬಿಡಿಸಿದರು, ಬೆವರಿಳಿಸಿದರು, ಕ್ಲಾಸ್ ತಗೊಂಡರು, ಗರಂ ಆದರು. ಬೈಸಿಕೊಂಡವರು ಏನು ಹೇಳಲು ಹೊರಟಿದ್ದರು ಅನ್ನುವುದಕ್ಕೆ ಒಂದು ಶೀರ್ಷಿಕೆಯೂ ನೆನಪಾಗುತ್ತಿಲ್ಲ. ನಾನೂ ಬರೆಯಲಿಲ್ಲವಲ್ಲ. ಆ ಮೂರನೇ ಪತ್ರದ ಸುದ್ದಿ ಕೊಟ್ಟಾಗ, ಹಳೇ ವಿಷಯ ಎಂದು ಡೆಸ್ಕಿನವರು ಪಕ್ಕಕ್ಕಿಟ್ಟರು. ನಾನು ಜಗಳವಾಡಲಿಲ್ಲ.

ಅಂದ ಹಾಗೆ, ನಿಮ್ಮ ಹಿಂದಿನ ಪತ್ರವನ್ನು ಅರ್ಧಕ್ಕೆ ಕತ್ತರಿಸಿದ ಉಪಸಂಪಾದಕರಿಗೆ ಸರಿಯಾಗಿ ಚಳಿ ಬಿಡಿಸಿ ಎಂದು ಕೊನೆಯಲ್ಲಿ ಸೇರಿಸಿದ್ದೀರಿ. ಅವರು ಪಾಪ, ಪೂರ್ತಿ ಹಾಕೋಣ ಅಂದಿದ್ದರು. ಕತ್ತರಿ ಹಾಕಿದವನು ನಾನು.

– ಸಂಪಾದಕ